ಕುಡಿತದ ಲೆಕ್ಕ ಮೊದಲ ಗ್ಲಾಸಿನಿಂದ ಶುರುವಾಗಲ್ಲ



ಮೊದಲು ಹೊಲದ ಸುದ್ದಿ ಹೇಳಿಬಿಡ್ತೀನಿ. ಹೋದ ವಾರ ಎರಡು ಹದ ಮಳೆ ಆಯ್ತು. ನಮ್ಮ ಕಡೆ ಗೆಡ್ಡೆ ಹಾಕೋರು ಬಹಳ ಜನ ಹಾಕಿ ಮುಗಿಸಿದ್ದಾರೆ. ನಾನು ಈ ಸಲ ಅರ್ಧ ಎಕರೆ ಮಾತ್ರ ಆಲೂಗೆಡ್ಡೆ, ಮಿಕ್ಕಿದ್ದು ಮುಸುಕಿನ ಜೋಳ. ಬಿತ್ತನೆ ಗೆಡ್ಡೆ ಕುಯ್ದವರು ಮ್ಯಾಂಕೋಜೆಬ್ ಉಪಚಾರ ಮಾಡಿ, ನೆರಳಲ್ಲಿ ಒಣಗಿಸಿ ಆಮೇಲೆ ಹಾಕಿ. ಹಸಿ ಗಾಯದ ಮೇಲೆ ಮಣ್ಣು ಬಿದ್ದರೆ ಕೊಳೆಯುತ್ತೆ. ಇದು ನಿಮಗೆಲ್ಲಾ ಗೊತ್ತಿರೋದೇ.

ಇವತ್ತು ಬರೆಯೋಕೆ ಕೂತಿರೋದು ಗೆಡ್ಡೆ ಬಗ್ಗೆ ಅಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಿದೆ. ವಾಟ್ಸಾಪ್ ಗ್ರೂಪುಗಳಲ್ಲಿ ಪಾಸಾದ ಮಕ್ಕಳ ಫೋಟೋ ಹಾಕ್ತಿದ್ದಾರೆ, ಸಂತೋಷ. 2019ರಲ್ಲಿ ನಮ್ಮ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಾಗ ನಾನೂ ಎದೆ ಉಬ್ಬಿಸಿಕೊಂಡು ಓಡಾಡಿದೋನೇ. ಆದ್ರೆ ಫೋಟೋ ಹಾಕದೆ ಇರೋ ಮನೆಗಳೂ ಇರ್ತವೆ. ಆ ಮನೆಗಳ ಹುಡುಗರ ಬಗ್ಗೆ, ಪಾಸಾದರೂ ಮಂಕಾಗಿ ಮೂಲೆ ಸೇರಿರೋ ಹುಡುಗರ ಬಗ್ಗೆ ಇವತ್ತಿನ ಮಾತು. ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮೂರುಗಳಲ್ಲಿ ಯಾರಾದ್ರೂ ಕುಡಿದು ಹಾಳಾದ್ರೆ ನಾವು ಹೆಂಗೆ ಲೆಕ್ಕ ಹಾಕ್ತೀವಿ? "ಅವನು ಇಂಥೋನ ಜೊತೆ ಸೇರ್ದ, ಕುಡಿಯೋಕೆ ಶುರು ಮಾಡ್ದ, ಹಾಳಾದ" ಅಂತೀವಿ. ಲೆಕ್ಕ ಮೊದಲ ಗ್ಲಾಸಿನಿಂದ ಶುರು. ಅದಕ್ಕೆ ಹಿಂದೆ ಏನಿತ್ತು ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ನನ್ನ ತಮ್ಮನ ವಿಷಯದಲ್ಲಿ ಕೇಳದೆ ಇದ್ದದ್ದಕ್ಕೆ ಇವತ್ತಿಗೂ ರಾತ್ರಿ ಎಚ್ಚರ ಆದರೆ ಮತ್ತೆ ನಿದ್ದೆ ಬರಲ್ಲ.

ಅವನು ನನಗಿಂತ ನಾಲ್ಕು ವರ್ಷ ಚಿಕ್ಕೋನು. ಒಂಬತ್ತನೇ ಕ್ಲಾಸಿನ ತನಕ ಕಬಡ್ಡಿ ಅಂದ್ರೆ ಪ್ರಾಣ. ಹತ್ತನೇ ಕ್ಲಾಸಿಗೆ ಬಂದ ಮೇಲೆ ಆಟ ಬಿಟ್ಟ. ಸಂಜೆ ಬಂದೋನು ಹಟ್ಟಿ ಹಿಂದೆ ಹುಲ್ಲಿನ ಮೆದೆ ಹತ್ರ ಒಬ್ಬನೇ ಕೂತಿರೋನು. ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಸ್ಕೂಲಿಗೆ ಹೊರಡೋ ಹೊತ್ತಿಗೆ ಹೊಟ್ಟೆನೋವು, ಎದೆ ಡವಡವ, ಕೈ ಬೆವರು. ಭಾನುವಾರ ಏನೂ ಇಲ್ಲ. ಅಪ್ಪ "ಮೈಗಳ್ಳ" ಅಂತ ಬೈದ್ರು, ಎರಡು ಸಲ ಬಾರುಕೋಲು ತಗೊಂಡ್ರು. ಅವ್ವ ದೃಷ್ಟಿ ತೆಗೆದು ಕೊರಳಿಗೆ ತಾಯಿತ ಕಟ್ಟಿಸಿದ್ಲು. ನಾನು ಆಗ ಇಪ್ಪತ್ತರ ಹುಡುಗ, ಎಸ್ಸೆಸ್ಸೆಲ್ಸಿ ಪಾಸಾಗಿದ್ದೀನಿ ಅನ್ನೋ ಜಂಬ ಬೇರೆ. "ಓದೋಕೆ ಆಗ್ದೆ ಇರೋನು ನೆಪ ಹೇಳ್ತಾನೆ" ಅಂತ ನಾನೂ ಅಂದೆ.

1991ರಲ್ಲಿ ಪರೀಕ್ಷೆ ಬರೆದ. ಗಣಿತ, ಇಂಗ್ಲಿಷ್ ಎರಡೂ ಹೋಯ್ತು. ಮತ್ತೆ ಕಟ್ಟು ಅಂತ ದುಡ್ಡು ಕೊಟ್ಟು ಕಳಿಸಿದ್ವಿ. ಪರೀಕ್ಷೆ ದಿನ ಬಸ್ ಸ್ಟ್ಯಾಂಡಿನ ತನಕ ಹೋಗಿ, ಬಸ್ಸು ಹತ್ತದೆ ವಾಪಸ್ ಬಂದ. ಯಾಕೋ ಅಂದ್ರೆ "ಕಾಲು ಬರ್ಲಿಲ್ಲ" ಅಂದ. ಮನೇಲಿ ಎಲ್ರೂ ನಕ್ಕರು.

ಮಾರನೇ ವರ್ಷ ಗೆಡ್ಡೆ ಚೆನ್ನಾಗಿ ಬಂತು. ಹಾಸನದ ಮಾರ್ಕೆಟ್ಟಿಗೆ ಲೋಡು ಹೊಡೆದು, ದುಡ್ಡು ಎಣಿಸಿಕೊಂಡು ಸಂಜೆ ವಾಪಸ್ ಬರ್ತಿದ್ವಿ. ಅವನಿಗೆ ಹದಿನೇಳು. ದಾರೀಲಿ ಇಳಿದು ನಾನು ಎರಡು ಸಾರಾಯಿ ಪಾಕೆಟ್ ತಗೊಂಡೆ. ಒಂದು ನನಗೆ, ಒಂದು ಅವನಿಗೆ. "ಹಾಕ್ಕೊಳ್ಳೋ, ಮಂಕು ಬಿಟ್ಟೋಗುತ್ತೆ" ಅಂದೆ.

ಹೌದು, ಮೊದಲನೇದು ಕೊಟ್ಟೋನು ನಾನೇ. ಇದನ್ನ ಇಷ್ಟು ವರ್ಷ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಇವತ್ತು ಬರೀತಿದ್ದೀನಿ.

ಮಂಕು ಬಿಟ್ಟೂ ಹೋಯ್ತು. ಅವತ್ತು ರಾತ್ರಿ ಅವನು ನಕ್ಕ, ಮಾತಾಡಿದ, ಎರಡು ಮುದ್ದೆ ಉಂಡ. ಎರಡು ವರ್ಷ ಆದ ಮೇಲೆ ಮಗ ಹೊಟ್ಟೆ ತುಂಬ ಉಂಡ ಅಂತ ಅವ್ವ ಕಣ್ಣಲ್ಲಿ ನೀರು ಹಾಕ್ಕೊಂಡ್ಲು. ನಮ್ಮ ಮನೇಲಿ ಅವತ್ತು ಹಬ್ಬ ಇದ್ದಂಗಿತ್ತು.

ಮಿಕ್ಕಿದ್ದು ನಿಮ್ಮ ಊರಲ್ಲೂ ಯಾರದೋ ಕತೆ ಆಗಿರುತ್ತೆ. ಇಪ್ಪತ್ತೈದಕ್ಕೆ ದಿನಾ ಬೇಕು ಅನ್ನೋ ಸ್ಥಿತಿ. ಮದುವೆ ಮಾಡಿದ್ರೆ ಸರಿಹೋಗ್ತಾನೆ ಅಂತ 2007ರ ಬೇಸಿಗೇಲಿ ಮದುವೆ ಮಾಡಿದ್ವಿ. ಅದೇ ವರ್ಷ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸ್ತು. ಆಗ ಮುಖ್ಯಮಂತ್ರಿ ಕುಮಾರಸ್ವಾಮಿಯವರು, ನಮ್ಮ ಜಿಲ್ಲೆಯ ಮನೆತನದವರೇ. ಹೆಣ್ಮಕ್ಕಳೆಲ್ಲಾ ಕೈ ಮುಗಿದ್ರು. ನನ್ನ ತಮ್ಮ ಒಂದೆರಡು ತಿಂಗಳು ಒದ್ದಾಡಿದ. ದಸರಾ ಹೊತ್ತಿಗೆ ಅಗ್ಗದ ವಿಸ್ಕಿ ಪೌಚಿಗೆ ಹೊಂದಿಕೊಂಡ. ಸಾರಾಯಿ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಕೈಗೆ ಸುಲಭವಾಗಿ ಸಿಗದಂಗೆ ಮಾಡೋದು ಒಳ್ಳೇದೇ. ಆದ್ರೆ ಅವನು ಕುಡೀತಿದ್ದ ಕಾರಣ ಅವನೊಳಗೇ ಉಳಿದಿತ್ತು.

ಮಗ ಹುಟ್ಟಿದ ವರ್ಷ, 2010ರಲ್ಲಿ, ಒಂದು ಮದ್ಯವರ್ಜನ ಶಿಬಿರಕ್ಕೆ ಸೇರಿಸಿದ್ವಿ. ಬಂದ. ಏಳು ತಿಂಗಳು ಮುಟ್ಟಲಿಲ್ಲ. ಊರೆಲ್ಲಾ ಹೊಗಳ್ತು. ಆ ಏಳನೇ ತಿಂಗಳಲ್ಲಿ ಒಂದು ದಿನ ಪಂಪ್‌ಹೌಸ್ ಹತ್ರ ಕೂತಿದ್ವಿ, ಕರೆಂಟ್ ಕಾಯ್ತಾ. ಅವನೇ ಮಾತು ತೆಗೆದ.

"ಅಣ್ಣ, ಕುಡೀದೆ ಇದ್ರೆ ಅದು ಬತ್ತದೆ ಕಣಣ್ಣ."

"ಏನ್ಲಾ ಅದು?"

"ಹತ್ತನೇ ಕ್ಲಾಸಲ್ಲಿ ಇತ್ತಲ್ಲ, ಅದು. ಅದು ಹೋಗೇ ಇರ್ಲಿಲ್ಲ. ನಾನು ಕುಡ್ದಾಗ ಮಲಗಿರ್ತಿತ್ತು ಅಷ್ಟೆ."

ನಾನು ಏನಂದೆ ಗೊತ್ತಾ? "ಧೈರ್ಯವಾಗಿರೋ" ಅಂದೆ. ಅಷ್ಟು ಹೊತ್ತಿಗೆ ಕರೆಂಟ್ ಬಂತು, ಮೋಟರ್ ಹಾಕೋಕೆ ಎದ್ದೆ. ಅದಾಗಿ ಹದಿನೈದು ದಿನಕ್ಕೆ ಮತ್ತೆ ಶುರು ಮಾಡಿದ. 2013ರಲ್ಲಿ ಕಾಮಾಲೆ ಆಗಿ, ಹೊಟ್ಟೆ ನೀರು ತುಂಬ್ಕೊಂಡು ಹೋದ. ಮೂವತ್ತೆಂಟು ವರ್ಷ.

ಶಿಬಿರದವರನ್ನ ನಾನು ದೂರಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ರಾಜ್ಯದ ಊರೂರಲ್ಲಿ ಎಂಟು ದಿನದ ಶಿಬಿರ ಮಾಡ್ಕೊಂಡು ಬರ್ತಿದ್ದಾರೆ. ಅಲ್ಲಿ ಬಿಟ್ಟು ಇವತ್ತಿಗೂ ನೆಟ್ಟಗೆ ಬದುಕ್ತಿರೋರನ್ನ ನಾನೇ ನೋಡಿದ್ದೀನಿ. ನಾವು ಸೇರಿಸಿದ ಕಡೆಯೂ ಕುಡಿತ ಬಿಡಿಸೋ ಕೆಲಸ ಅವರು ಮಾಡಿದ್ರು. ಆದ್ರೆ "ಇವನಿಗೆ ಕುಡಿತಕ್ಕೆ ಮುಂಚೆಯೇ ಒಂದು ಕಾಯಿಲೆ ಇತ್ತು" ಅಂತ ನಾವು ಮನೆಯವರು ಅಲ್ಲಿ ಒಂದು ಮಾತು ಹೇಳಲಿಲ್ಲ. ನಮಗೆ ಅದು ಕಾಯಿಲೆ ಅಂತಲೇ ಗೊತ್ತಿರಲಿಲ್ಲ.

ಈಗ ಗೊತ್ತಾಗಿದೆ. ಹೆಂಗೆ ಗೊತ್ತಾಯ್ತು ಅಂತ ಮುಂದೆ ಹೇಳ್ತೀನಿ. ಮೊದಲು ಡಾಕ್ಟರು ನನಗೆ ತಿಳಿಸಿಕೊಟ್ಟಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ.

ಹದಿನಾಲ್ಕು ಹದಿನೈದನೇ ವಯಸ್ಸಲ್ಲಿ ಮಂಕುತನ, ವಿಪರೀತ ಭಯ ಬರೋದು ಅಪರೂಪ ಏನಲ್ಲ. ಖಿನ್ನತೆ, ಆತಂಕದ ಕಾಯಿಲೆ ಅಂತ ಪುಸ್ತಕದಲ್ಲಿ ಬರೀತಾರೆ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಮುಂದೆ ನಿಂತು ದೇಶದ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಸಮೀಕ್ಷೆ ಮಾಡಿದ್ರು. ಕರ್ನಾಟಕ ಆ 12ರಲ್ಲಿ ಇರಲಿಲ್ಲ, ಆದ್ರೆ ಪಕ್ಕದ ಕೇರಳ, ತಮಿಳುನಾಡು ಇದ್ವು. 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 7.3 ಮಂದಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ನಲವತ್ತು ಮಕ್ಕಳ ಕ್ಲಾಸಿಗೆ ಲೆಕ್ಕ ಹಾಕಿ, ಮೂರು ಮಕ್ಕಳು ಆಗುತ್ತೆ. ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ: ಕುಡಿತದ ಕಾಯಿಲೆಗೆ ಚಿಕಿತ್ಸೆ ಬೇಕಾದ ನೂರು ಜನರಲ್ಲಿ 86 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಇಂಥಾ ಹುಡುಗನ ಕೈಗೆ ಹೆಂಡ ಸಿಕ್ಕರೆ ಏನಾಗುತ್ತೆ? ಹೆಂಡ ಮಿದುಳಿನ ಓಟಕ್ಕೆ ಬ್ರೇಕ್ ಹಾಕುತ್ತೆ. ಒಂದೆರಡು ಗಂಟೆ ಎದೆ ಡವಡವ ನಿಲ್ಲುತ್ತೆ, ಭಯ ಹೋಗುತ್ತೆ, ನಿದ್ದೆ ಬಂದಂಗೆ ಆಗುತ್ತೆ. ಸುಮ್ಮನೆ ಮಜಕ್ಕೆ ಕುಡಿಯೋ ಹುಡುಗನಿಗೆ ಅದು ಬರೀ ಅಮಲು. ಒಳಗೆ ಸಂಕಟ ಇರೋ ಹುಡುಗನಿಗೆ ಅದು ಔಷಧಿ. ಅವನಿಗೆ ಮೊದಲ ಸಲ "ನಾನೂ ಎಲ್ಲರಂಗೆ ಆದೆ" ಅನ್ಸುತ್ತೆ. ಅಮಲು ಇಳಿದ ಮೇಲೆ ಮಿದುಳು ತಿರುಗಿ ಹೊಡೆಯುತ್ತೆ. ಬೆಳಗಿನ ಜಾವ ಎಚ್ಚರ ಆಗುತ್ತೆ, ಭಯ ಮೊದಲಿಗಿಂತ ಜಾಸ್ತಿ. ಅದನ್ನ ಅಡಗಿಸೋಕೆ ಮತ್ತೆ ಬೇಕು, ಹೋಗ್ತಾ ಹೋಗ್ತಾ ಹೆಚ್ಚು ಬೇಕು. ಹರೆಯದ ಮಿದುಳು ಇನ್ನೂ ಬಲೀತಿರುತ್ತೆ, ಇಪ್ಪತ್ತು ದಾಟಿದ ಮೇಲೂ ಬಲೀತಿರುತ್ತೆ. ಎಳೇ ಗಿಡಕ್ಕೆ ಕಟ್ಟಿದ ತಂತಿ ಕಾಂಡದೊಳಗೇ ಸೇರಿಹೋಗೋದನ್ನ ನಾವು ತೋಟದಲ್ಲಿ ನೋಡಿಲ್ವಾ, ಹಂಗೆ.

ಇದು ಒಂದೇ ದಿಕ್ಕಿನಲ್ಲಿ ಹೋಗೋದೂ ಅಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಕಡೆ 1991-92ರ ಸುಮಾರಿಗೆ ಹುಟ್ಟಿದ ಸಾವಿರಾರು ಮಕ್ಕಳನ್ನ ಹುಟ್ಟಿದಾಗಿನಿಂದ ಬಿಡದೆ ಗಮನಿಸ್ತಾ ಬಂದಿದ್ದಾರೆ. ಅದರಿಂದ 2023ರಲ್ಲಿ ಬಂದ ಒಂದು ವರದಿ ಪ್ರಕಾರ, ಹದಿನೆಂಟಕ್ಕೇ ಹೆಂಡ ಬಿಟ್ಟಿರಲಾರದ ಲಕ್ಷಣ ತೋರಿಸಿದವರಲ್ಲಿ ಇಪ್ಪತ್ನಾಲ್ಕಕ್ಕೆ ಖಿನ್ನತೆ ಹೆಚ್ಚು ಕಂಡಿತು. ಅಂದ್ರೆ ಸಂಕಟ ಕುಡಿತಕ್ಕೆ ತಳ್ಳುತ್ತೆ, ಕುಡಿತ ಸಂಕಟಾನ ಹೆಚ್ಚಿಸುತ್ತೆ. ಏತದ ತರ, ಒಂದು ಕಡೆ ಇಳಿದ್ರೆ ಇನ್ನೊಂದು ಕಡೆ ಏಳುತ್ತೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಮಂಕಾದ ಹುಡುಗರೆಲ್ಲಾ ಕುಡುಕರಾಗಲ್ಲ, ಬಹಳ ಜನ ಆಗಲ್ಲ. ಕುಡುಕರೆಲ್ಲಾ ಹರೆಯದಲ್ಲಿ ಮಂಕಾಗಿದ್ದೋರೂ ಅಲ್ಲ. ಅಪ್ಪ ಕುಡೀತಿದ್ದದ್ದು, ರಕ್ತದಲ್ಲಿ ಬಂದದ್ದು, ಜೊತೆಗಾರರು, ಕೈಯಲ್ಲಿ ಕಾಸು, ಮನೆ ಪಕ್ಕದಲ್ಲೇ ಅಂಗಡಿ, ಇವೆಲ್ಲಾ ಸೇರುತ್ತೆ. ಹಂಗಾಗಿ ಯಾರದೋ ಮನೆ ಹುಡುಗ ಸಪ್ಪಗಿದ್ದಾನೆ ಅಂತ "ಇವನು ಮುಂದೆ ಕುಡುಕ ಆಗ್ತಾನೆ" ಅಂತ ಹಣೆಪಟ್ಟಿ ಕಟ್ಟಬೇಡಿ. ಅದು ಅವನಿಗೆ ಮಾಡೋ ದೊಡ್ಡ ಅನ್ಯಾಯ. ನಾನು ಹೇಳ್ತಿರೋದು, ಹದಿನೈದರಲ್ಲಿ ಸಂಕಟ ಪಡೋ ಹುಡುಗನಿಗೆ ಆಗಲೇ ಸರಿಯಾದ ಔಷಧಿ, ಸರಿಯಾದ ಮಾತು ಸಿಕ್ಕರೆ, ಹದಿನೇಳರಲ್ಲಿ ನನ್ನಂಥೋನು ಕೊಡೋ ಪಾಕೆಟ್ಟು ಅವನಿಗೆ ಔಷಧಿಯಂಗೆ ಕಾಣಲ್ಲ.

ನಾವು ಆಲೂಗೆಡ್ಡೆ ಬೆಳೆಯೋರು. ಅಂಗಮಾರಿ ಏನು ಅಂತ ಹಾಸನದ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೋಡ, ತುಂತುರು, ತಂಪು ಕಂಡ ತಕ್ಷಣ ಬೆಳಗ್ಗೆ ಎಲೆ ಮಗುಚಿ ಅಡಿ ನೋಡ್ತೀವಿ. ಬೆಳ್ಳಗೆ ಬೂಷ್ಟಿನಂಗೆ ಇದೆಯಾ ಅಂತ ಹುಡುಕ್ತೀವಿ. ಹೊಲ ಪೂರಾ ಕಪ್ಪಾದ ಮೇಲೆ ಸಿಂಪಡಿಸಿದ್ರೆ ಲಾಭ ಔಷಧಿ ಅಂಗಡಿಗೆ ಮಾತ್ರ. ಗೆಡ್ಡೆಗೆ ಇಷ್ಟು ನಿಗಾ ಇಡೋ ನಾವು ಮಕ್ಕಳ ವಿಷಯದಲ್ಲಿ ಹೊಲ ಕಪ್ಪಾಗೋ ತನಕ ಕಾಯ್ತೀವಿ. ಮೂವತ್ತೈದಕ್ಕೆ ರಸ್ತೇಲಿ ಬಿದ್ದ ಮೇಲೆ ಶಿಬಿರ, ಹರಕೆ, ಪಂಚಾಯ್ತಿ.

ನನಗೆ ಇದೆಲ್ಲಾ ಗೊತ್ತಾಗಿದ್ದು ತಮ್ಮನ ಮಗನಿಂದ. ಅವನಿಗೀಗ ಹದಿನೈದು. ಈ ಜೂನಿಗೆ ಹತ್ತನೇ ಕ್ಲಾಸು. ಅವನನ್ನ, ಅವನ ತಾಯೀನ ಕೇಳಿಯೇ ಇಲ್ಲಿ ಬರೀತಿದ್ದೀನಿ. ಬರೆದದ್ದನ್ನ ಅವನಿಗೆ ಓದೋಕೆ ಕೊಟ್ಟೆ. ಎರಡು ಕಡೆ "ಇದು ಬೇಡ ದೊಡ್ಡಪ್ಪ" ಅಂದ, ತೆಗೆದೆ. ಮಿಕ್ಕಿದ್ದಕ್ಕೆ "ಹಾಕು" ಅಂದ.

ಹೋದ ಸಂಕ್ರಾಂತಿ ಆದ ಮೇಲೆ ಹುಡುಗ ಬದಲಾದ. ಮೊದಲು ಸಿಟ್ಟು. ಮುಟ್ಟಿದ್ರೆ ಸಿಡಿಯೋನು. ಮಂಕು ಅಂದ್ರೆ ಬರೀ ಅಳೋದು ಅಂತ ನಾನು ತಿಳ್ಕೊಂಡಿದ್ದೆ. ಹರೆಯದಲ್ಲಿ ಅದು ಸಿಟ್ಟಾಗಿಯೂ ಬರುತ್ತಂತೆ. ಆಮೇಲೆ ಆಟ ಬಿಟ್ಟ, ಊಟ ಬಿಟ್ಟ. ಒಂದು ದಿನ ಬೆಳಗ್ಗೆ ಸ್ಕೂಲಿಗೆ ಹೊರಟೋನು ಹೊಟ್ಟೆ ಹಿಡ್ಕೊಂಡು ಜಗುಲಿ ಮೇಲೆ ಕೂತ. ಆ ಕೂತಿದ್ದ ರೀತಿ, ಬಗ್ಗಿಸಿದ್ದ ಕತ್ತು, ಅದು ನಮ್ಮ ತಮ್ಮನೇ. ನನಗೆ ಕೈಕಾಲು ತಣ್ಣಗಾಯ್ತು.

ಅವತ್ತು ಅವನನ್ನ ಸ್ಕೂಲಿಗೆ ಕಳಿಸಲಿಲ್ಲ. ಹೊಲಕ್ಕೆ ಕರ್ಕೊಂಡು ಹೋದೆ. ಬುದ್ಧಿ ಹೇಳಲಿಲ್ಲ, ಹೇಳಬೇಕು ಅಂತ ನಾಲಿಗೆ ತುದಿಗೆ ಬಂದದ್ದನ್ನ ನುಂಗಿಕೊಂಡೆ. "ಎಷ್ಟು ದಿನದಿಂದ ಹಿಂಗೆ?" ಅಂತ ಮಾತ್ರ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. "ಸಾಯಬೇಕು ಅನ್ಸುತ್ತಾ?" ಅಂತಲೂ ಕೇಳಿದೆ. ಕೇಳೋಕೆ ನನಗೇ ಭಯ ಇತ್ತು, ಕೇಳಿದ್ರೆ ಇಲ್ಲದ್ದನ್ನ ತಲೆಗೆ ತುಂಬಿದಂಗೆ ಆಗುತ್ತಾ ಅಂತ. ಹಂಗಾಗಲ್ಲ, ನೇರ ಕೇಳೋದೇ ಒಳ್ಳೇದು ಅಂತ ಆಮೇಲೆ ಡಾಕ್ಟರು ಹೇಳಿದ್ರು. ಅವನು ಏನು ಉತ್ತರ ಕೊಟ್ಟ ಅನ್ನೋದು ಅವನಿಗೆ ಸೇರಿದ್ದು. ಅವತ್ತು ಸಂಜೆಯೇ ಮನೇಲಿದ್ದ ಕೀಟನಾಶಕ, ಕಳೆನಾಶಕದ ಡಬ್ಬ ಎಲ್ಲಾ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಬೀಗದ ಕೈ ನನ್ನ ಉಡಿದಾರದಲ್ಲಿದೆ.

ರಾತ್ರಿ 14416ಕ್ಕೆ ಫೋನ್ ಮಾಡಿದ್ವಿ. ಟೆಲಿ-ಮಾನಸ್ ಅಂತ, 2022ರಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಆ ಕಡೆಯಿಂದ ಹುಡುಗನ ಹತ್ರ ಅರ್ಧ ಗಂಟೆ ಮಾತಾಡಿದ್ರು. ಅವರೇ ಹಾಸನಕ್ಕೆ ಹೋಗಿ ತೋರ್ಸಿ ಅಂದಿದ್ದು. ಹೋದ್ವಿ. ಡಾಕ್ಟರು ನನ್ನನ್ನ ಹೊರಗೆ ಕೂರಿಸಿ ಮೊದಲು ಅವನೊಬ್ಬನ ಹತ್ರವೇ ಮಾತಾಡಿದ್ರು. ಆಮೇಲೆ ನನ್ನನ್ನ ಕರೆದು ಮನೇಲಿ ಯಾರಿಗಾದ್ರೂ ಹಿಂಗೆ ಇತ್ತಾ ಅಂತ ಕೇಳಿದ್ರು. ಅವಾಗ ನಾನು ಅವನಪ್ಪನ ಕತೆ ಹೇಳಿದೆ. ಪಾಕೆಟ್ಟಿನ ವಿಷಯಾನೂ ಹೇಳಿದೆ. ಮೂವತ್ತು ಚಿಲ್ರೆ ವರ್ಷ ಆದ ಮೇಲೆ ಮೊದಲ ಸಲ ಬಾಯಿ ಬಿಟ್ಟಿದ್ದು ಆ ರೂಮಿನಲ್ಲಿ.

ಈಗ ಹುಡುಗ ಹೆಂಗಿದ್ದಾನೆ ಅಂದ್ರೆ, ಪವಾಡ ಏನೂ ಆಗಿಲ್ಲ. ಮೊದಲ ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ, ದುಡ್ಡು ದಂಡ ಅಂದ್ಕೊಂಡೆ. ನಿಧಾನಕ್ಕೆ ನಿದ್ದೆ ಬರ್ತಿದೆ. ಸ್ಕೂಲಿಗೆ ಹೋಗದೆ ಇದ್ದ ದಿನ ಕಡಿಮೆ ಆದ್ವು. ಮೊನ್ನೆ ಬಿತ್ತನೆ ಗೆಡ್ಡೆ ಕುಯ್ಯೋವಾಗ ಪಕ್ಕ ಕೂತು ತಾನೂ ಕುಯ್ದ, ಏನೋ ಹೇಳಿ ನಕ್ಕ. ಕೆಟ್ಟ ದಿನಗಳೂ ಇದ್ದಾವೆ. ಹತ್ತನೇ ಕ್ಲಾಸು ಹೆಂಗಾಗುತ್ತೋ ಗೊತ್ತಿಲ್ಲ. ಫೇಲಾದ್ರೆ ಆಗ್ಲಿ. ಈಗಂತೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯೋಕೆ ಅವಕಾಶ ಇದೆ.

ಇನ್ನು ನೀವು ಕೇಳೋ ಪ್ರಶ್ನೆಗಳು ನನಗೆ ಗೊತ್ತು, ಅರಳಿಕಟ್ಟೇಲಿ ಕೇಳಿ ಆಗಿದೆ.

"ನಮ್ಮ ಕಾಲದಲ್ಲಿ ಇದೆಲ್ಲಾ ಇತ್ತೇನಯ್ಯಾ?" ಇತ್ತು. ನಮ್ಮನೇಲಿತ್ತು. ಹೆಸರು ಇರಲಿಲ್ಲ ಅಷ್ಟೆ. ನಾವು ಮೈಗಳ್ಳ, ಗಾಳಿ ಮೆಟ್ಟಿದೆ, ಹೆದರುಪುಕ್ಕ ಅಂತಿದ್ವಿ.

"ಬೆನ್ನಿಗೆ ನಾಲ್ಕು ಬಿಟ್ರೆ ಸರಿಹೋಗ್ತಾನೆ." ನಮ್ಮಪ್ಪ ಬಿಟ್ಟಿದ್ರು. ಸರಿಹೋಗಲಿಲ್ಲ. ಹೇಳಿಕೊಳ್ಳೋದನ್ನ ನಿಲ್ಲಿಸಿದ ಅಷ್ಟೆ.

"ಮನೋವೈದ್ಯರ ಹತ್ರ ಹೋದ್ರೆ ಹುಚ್ಚ ಅಂತಾರೆ, ನಾಳೆ ಹೆಣ್ಣು ಸಿಗಲ್ಲ." ಈ ಮಾತಿಗೆ ನನ್ನ ಹತ್ರ ಸುಲಭದ ಉತ್ತರ ಇಲ್ಲ, ಅನ್ನೋರು ಅಂತಾರೆ. ಆದ್ರೆ ನನ್ನ ತಮ್ಮನಿಗೆ ಹೆಣ್ಣು ಸಿಕ್ಕಿತ್ತು. ಆ ಹೆಣ್ಣುಮಗಳು ಹನ್ನೆರಡು ವರ್ಷದಿಂದ ಒಬ್ಬಳೇ ದುಡಿದು ಮಗನ್ನ ಸಾಕ್ತಿದ್ದಾಳೆ. ಯಾವುದು ವಾಸಿ ನೀವೇ ಹೇಳಿ.

"ಹೆಣ್ಮಕ್ಕಳಿಗೆ ಇದು ಇಲ್ವಾ?" ಇದೆ. ಅವರು ನಮ್ಮ ಕಡೆ ಕುಡಿಯಲ್ಲ, ಅದಕ್ಕೆ ನಮ್ಮ ಕಣ್ಣಿಗೇ ಬೀಳಲ್ಲ. ತಲೆನೋವು, ಸುಸ್ತು ಅಂತ ಮಲಗೋ ಹುಡುಗೀನೂ ಒಂದು ಸಲ ಕೂರಿಸಿ ಕೇಳಿ.

ಈಗ ನನ್ನ ಅಭಿಪ್ರಾಯ. ನಮ್ಮ ಹೋಬಳಿ ಜನ ಇಷ್ಟು ಮಾಡಬಹುದು ಅಂತ ನನಗೆ ಅನ್ಸುತ್ತೆ.

1. ಎರಡು ವಾರದ ಲೆಕ್ಕ ಇಟ್ಟುಕೊಳ್ಳಿ. ಒಂದೆರಡು ದಿನ ಸಪ್ಪಗಿರೋದು ಎಲ್ಲರಿಗೂ ಇದ್ದದ್ದೇ. ಎರಡು ವಾರ ದಾಟಿದರೂ ನಿದ್ದೆ, ಊಟ, ಆಟ, ಸ್ನೇಹಿತರು ಎಲ್ಲಾ ಬಿಟ್ಟಿದ್ರೆ, ಸುಮ್ಮಸುಮ್ಮನೆ ಸಿಡೀತಿದ್ರೆ, ಸ್ಕೂಲಿನ ದಿನ ಮಾತ್ರ ಹೊಟ್ಟೆನೋವು ಬರ್ತಿದ್ರೆ ತೋರಿಸಿ. ಸಾಯೋ ಮಾತಾಡಿದ್ರೆ ಎರಡು ವಾರ ಕಾಯಬೇಡಿ, ಅವತ್ತೇ ತೋರಿಸಿ.

2. ಎಲ್ಲಿಗೆ ಹೋಗೋದು ಅಂತ ತಿಳ್ಕೊಳ್ಳಿ. ಫೋನಿಗೆ 14416. ಹಾಸನದ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಹರೆಯದ ಮಕ್ಕಳಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಮಾಡಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡೋ ಮನೋಚೈತನ್ಯ ಅನ್ನೋ ಕಾರ್ಯಕ್ರಮ ಇದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯೋರು ಹೋಗೋ ಮುಂಚೆ ಆಶಾ ಕಾರ್ಯಕರ್ತೆಯರ ಹತ್ರ ದಿನ, ಹೊತ್ತು ಕೇಳ್ಕೊಂಡು ಹೋಗಿ. ಎಲ್ಲರಿಗೂ ಮಾತ್ರೆ ಕೊಡಲ್ಲ, ಎಷ್ಟೋ ಮಕ್ಕಳಿಗೆ ಮಾತಿನ ಚಿಕಿತ್ಸೆಯೇ ಸಾಕಾಗುತ್ತೆ. ಮಾತ್ರೆ ಕೊಟ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು. ನಾಲ್ಕು ದಿನ ನುಂಗಿಸಿ ಬಿಡಿಸಬೇಡಿ.

3. ಹುಡುಗರ ಕೈಗೆ ಗ್ಲಾಸು ಕೊಡೋದು ನಿಲ್ಲಿಸಿ. ಊರಹಬ್ಬದ ಬಾಡೂಟದಲ್ಲಿ, ಬೀಗರೂಟದಲ್ಲಿ, ಎಲೆಕ್ಷನ್ ಟೈಮಲ್ಲಿ "ಗಂಡಸಾಗೋ" ಅಂತ ಹದಿನಾರರ ಹುಡುಗನಿಗೆ ಕೊಡೋದು ನಮ್ಮಲ್ಲಿ ತಮಾಷೆ. ಹದಿನೆಂಟು ತುಂಬದ ಮಕ್ಕಳಿಗೆ ಹೆಂಡ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಇದೆ. ಅಂಗಡಿಯವನಿಗೆ ಮಾತ್ರ ಅಲ್ಲ, ಅಣ್ಣನಿಗೂ, ಚಿಕ್ಕಪ್ಪನಿಗೂ ಅದೇ ಕಾನೂನು. ಆ ಲೆಕ್ಕದಲ್ಲಿ ಇವತ್ತಾಗಿದ್ರೆ ನಾನು ಜೈಲಲ್ಲಿ ಇರಬೇಕಾದೋನು.

4. ಈಗಾಗಲೇ ಕುಡೀತಿರೋರನ್ನ ಬಿಡಿಸೋಕೆ ಹೋಗೋರು ಡಾಕ್ಟರಿಗೆ ಹಿಂದಿನದನ್ನೂ ಹೇಳಿ. "ಇವನು ಹದಿನೈದರಲ್ಲಿ ಹೆಂಗಿದ್ದ" ಅನ್ನೋದನ್ನ ಹೇಳಿ. ಕುಡಿತದ ಜೊತೆ ಆ ಹಳೇ ಸಂಕಟಕ್ಕೂ ಚಿಕಿತ್ಸೆ ಆಗಬೇಕು. ದಿನಾ ಬಹಳ ಕುಡಿಯೋರನ್ನ ಮನೇಲಿ ಕೂಡಿಹಾಕಿ ಒಂದೇ ಸಲಕ್ಕೆ ಬಿಡಿಸಬೇಡಿ. ಎರಡು ಮೂರು ದಿನದಲ್ಲಿ ನಡುಕ, ಫಿಟ್ಸು, ಬುದ್ಧಿಭ್ರಮಣೆ ಬಂದು ಜೀವಕ್ಕೇ ಅಪಾಯ ಆಗುತ್ತೆ. ಊಟದಲ್ಲಿ ಗೊತ್ತಾಗದಂಗೆ ಬೆರೆಸೋ ಪುಡಿ, ಮಾತ್ರೆಯೂ ಬೇಡ. ಅದರ ಮೇಲೆ ಕುಡಿದ್ರೆ ಬಿಪಿ ಬಿದ್ದು ಜೀವ ಹೋಗಬಹುದು.

5. ಔಷಧಿ ಡಬ್ಬಗಳಿಗೆ ಬೀಗ ಹಾಕಿ. ಮಕ್ಕಳಿಲ್ಲದ ಮನೆಯೋರೂ ಹಾಕಿ.

6. ನಿಮ್ಮ ಹೈಸ್ಕೂಲಿನ ಎಸ್‌ಡಿಎಂಸಿ ಸಭೆಗೆ ಹೋದಾಗ ರಿಸಲ್ಟು ಎಷ್ಟು ಪರ್ಸೆಂಟು ಅಂತ ಕೇಳಿ ಎದ್ದು ಬರಬೇಡಿ. ಕ್ಲಾಸಿಗೆ ಬರೋದು ಬಿಟ್ಟ ಮಕ್ಕಳು ಯಾರು, ಯಾಕೆ ಬಿಟ್ಟರು ಅಂತಲೂ ಕೇಳಿ. ಮೇಷ್ಟ್ರಿಗೆ ನಮಗಿಂತ ಮೊದಲು ಗೊತ್ತಾಗಿರುತ್ತೆ. ನಾವು ಕೇಳಲ್ಲ ಅಂತ ಅವರು ಹೇಳಲ್ಲ.

ಇಷ್ಟೆಲ್ಲಾ ಮಾಡಿದ್ರೆ ಊರಲ್ಲಿ ಕುಡಿತ ನಿಂತುಹೋಗುತ್ತೆ ಅಂತ ನಾನು ಹೇಳಲ್ಲ. ನಿಲ್ಲಲ್ಲ. ನಾನು ಹೇಳ್ತಿರೋದು ಲೆಕ್ಕದ ಮಾತು. ಮುಂದಿನ ಸಲ ಯಾರಾದ್ರೂ ರಸ್ತೇಲಿ ಬಿದ್ದಿದ್ರೆ, "ಹಾಳಾದೋನು" ಅನ್ನೋ ಮುಂಚೆ, ಇವನು ಹತ್ತನೇ ಕ್ಲಾಸಲ್ಲಿ ಹೆಂಗಿದ್ದ ಅಂತ ಒಂದು ಸಲ ನೆನಪು ಮಾಡ್ಕೊಳ್ಳಿ. ನಿಮ್ಮ ಜೊತೆ ಓದಿದೋನೇ ಆಗಿರ್ತಾನೆ. ನೆನಪಿಗೆ ಬರುತ್ತೆ.

ತಮ್ಮ ಪಂಪ್‌ಹೌಸ್ ಹತ್ರ ಬಾಯಿಬಿಟ್ಟು ಹೇಳಿದ್ದ. ನಾನು ಮೋಟರ್ ಹಾಕೋಕೆ ಎದ್ದೆ. ನೀವು ಏಳಬೇಡಿ. ಒಂದು ದಿನ ನೀರು ಹಾಯಿಸದೆ ಇದ್ರೆ ಬೆಳೆ ಒಣಗಲ್ಲ.

ನಿಮ್ಮ ಅನುಭವ ಇದ್ರೆ ಕಾಮೆಂಟಲ್ಲಿ ಬರೀರಿ. ಮಕ್ಕಳ ಹೆಸರು, ಊರು ಹಾಕಬೇಡಿ. ಬರೆಯೋಕೆ ಸಂಕೋಚ ಆದ್ರೆ ಸಂತೆ ದಿನ ಸಿಗ್ತೀನಿ, ಟೀ ಕುಡೀತಾ ಮಾತಾಡೋಣ. ಮುಂದಿನ ಸಲ ಜೋಳದ ಸೈನಿಕ ಹುಳದ ಬಗ್ಗೆ ಬರೀತೀನಿ, ಈಗಲೇ ಸುಳಿ ನೋಡ್ತಾ ಇರಿ.

ಬರ್ತೀನಿ. ನಮಸ್ಕಾರ.